ತೊಟ್ಟಿಯ ನೀರು, ಹಾರುವ ಎಣ್ಣೆ



ಎಣ್ಣೆ ಎಂಬ ಮಾತು ಎಳ್ಳಿನಿಂದ ಹುಟ್ಟಿದ್ದು. ಎಳ್ಳಿನ ನೆಯ್ಯೇ ಎಣ್ಣೆ. ಸಂಸ್ಕೃತದ ತೈಲವೂ ತಿಲದಿಂದಲೇ ಬಂದುದು. ಎರಡೂ ಗಾಣದಲ್ಲಿ ಹಿಂಡಿ ತೆಗೆದ ಜಿಡ್ಡಿನ ಹೆಸರು. ಆದರೆ ಲವಂಗದೆಣ್ಣೆಗೂ ಮಜ್ಜಿಗೆಹುಲ್ಲಿನ ಎಣ್ಣೆಗೂ ಗಾಣ ಬೇಡ. ಮೊಗ್ಗನ್ನೋ ಹುಲ್ಲನ್ನೋ ಹಬೆಗೆ ಹಿಡಿದು, ಆ ಹಬೆಯನ್ನು ತಣಿಸಿ ಭಟ್ಟಿ ಇಳಿಸುತ್ತಾರೆ. ತೆರೆದಿಟ್ಟರೆ ಗಾಳಿಯಲ್ಲಿ ಹಾರಿಹೋಗುವ ಎಣ್ಣೆ ಇದು. ಸೊಳ್ಳೆಯ ಮರಿಯನ್ನು ಇದು ಕೊಲ್ಲಬಲ್ಲುದೆ?

ಕೊಲ್ಲಬಲ್ಲುದು, ಸಂದೇಹವಿಲ್ಲ. ಲವಂಗದಲ್ಲಿ ಯೂಜಿನಾಲ್, ಮಜ್ಜಿಗೆಹುಲ್ಲಿನಲ್ಲಿ ಸಿಟ್ರಾಲ್ ಎಂಬ ಸತ್ತ್ವಗಳುಂಟು. ಅವು ಮರಿಯ ಮೈಯೊಳಗೆ ಇಳಿದು ನರಗಳ ಕೆಲಸವನ್ನೇ ಕೆಡಿಸುತ್ತವೆ. ಪ್ರಯೋಗಶಾಲೆಯಲ್ಲಿ ಅಳೆದ ನೀರಿಗೆ ಅಳೆದ ಎಣ್ಣೆ ಬೆರೆಸಿ, 24 ಗಂಟೆ ಕಳೆದ ಮೇಲೆ ಸತ್ತ ಮರಿಗಳನ್ನು ಎಣಿಸುವುದು ರೂಢಿ.

ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಡೆಂಗಿ ಜ್ವರದಿಂದ ಮಲಗಿದ. ನಾನು ಭಯಪಟ್ಟು ಹಿತ್ತಲ ಡ್ರಮ್ಮಿನ ನೀರಿಗೆ ಲವಂಗದೆಣ್ಣೆ ಸುರಿದೆ. ಮರುದಿನ ಮರಿಗಳ ಕುಣಿತ ನಿಂತಿತ್ತು. ನನಗೆ ಹೆಮ್ಮೆಯೋ ಹೆಮ್ಮೆ! "ಘಮಘಮ ನೀರಿನಲ್ಲಿ ಪಾತ್ರೆ ತೊಳೆಯುವುದು ಹೇಗೆಂದರೆ?" ಎಂದು ಮನೆಯಾಕೆ ಗದರಿದಳು. ಹತ್ತೇ ದಿನಗಳಲ್ಲಿ ಘಮವೂ ಹೋಯಿತು, ಮರಿಗಳೂ ಮರಳಿ ಬಂದವು.

ಕಾರಣ ಸರಳವಾದುದು. ಈ ಎಣ್ಣೆ ನೀರಿನೊಡನೆ ಬೆರೆಯದು, ಹೆಚ್ಚು ದಿನ ನಿಲ್ಲದು. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆಯಾದರೋ ತನ್ನ ಮೊಟ್ಟೆಗಳನ್ನು ನೀರಿನ ಅಂಚಿಗೆ ಮೇಲೆ, ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ನೀರು ಬತ್ತಿದರೂ ಅವು ತಿಂಗಳುಗಟ್ಟಲೆ ಕಾದಿದ್ದು, ನೀರು ಮುಟ್ಟಿದೊಡನೆ ಒಡೆಯುತ್ತವೆ. ತೇಲುವ ಮರಿಗೆ ಎಣ್ಣೆ ಯಮನಾದೀತು. ಗೋಡೆಯ ಮೊಟ್ಟೆಗೆ ತೆಂಗಿನ ನಾರೇ ಯಮ.

ಎಣ್ಣೆ ನೀರಿನಲ್ಲಿ ಹೆಚ್ಚು ಕಾಲ ಉಳಿಯುವಂತೆ ಮಾಡಲು ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ; ಅದು ಫಲಿಸಲಿ. ಅಲ್ಲಿಯವರೆಗೆ ಅಂಗಡಿಯ ಸೀಸೆಯನ್ನು ನಂಬಿ ಮೈಮರೆಯಬೇಡಿ. ಕುಡಿಯುವ ನೀರಿಗೂ ಮೀನಿರುವ ಕೊಳಕ್ಕೂ ಅದನ್ನು ಹಾಕಲೇಬೇಡಿ. ಮೊಟ್ಟೆ ರೆಕ್ಕೆ ಪಡೆಯಲು ಸುಮಾರು 7ರಿಂದ 10 ದಿನ ಸಾಕು. ಆದುದರಿಂದ ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ತೊಟ್ಟಿ, ಡ್ರಮ್ಮುಗಳನ್ನು ಬರಿದುಮಾಡಿ, ಒಳಗೋಡೆ ತಿಕ್ಕಿ, ಮತ್ತೆ ತುಂಬಿ, ಬಿಗಿಯಾಗಿ ಮುಚ್ಚಿಡಿ. ಹೂಕುಂಡದ ತಟ್ಟೆಯನ್ನೂ ಮರೆಯಬೇಡಿ.

ಸೊಳ್ಳೆಗೂ ಮಲೇರಿಯಕ್ಕೂ ಇರುವ ನಂಟನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡ ರೊನಾಲ್ಡ್ ರಾಸ್, 1883ರಲ್ಲಿ ನಮ್ಮ ಬೆಂಗಳೂರಿನಲ್ಲಿ ಸೇನಾ ವೈದ್ಯನಾಗಿದ್ದ. ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ತೊಟ್ಟಿಯಲ್ಲಿ ಮರಿಗಳನ್ನು ಕಂಡು ಅದನ್ನು ಬೋರಲು ಹಾಕಿಸಿದ. ಸೊಳ್ಳೆಯ ಕಾಟ ತಪ್ಪಿತು. ಕಾಸಿನ ಖರ್ಚಿಲ್ಲದ ಆ ಉಪಾಯ ಈ ಊರಿನದೇ. ನಾಳೆ ಬೆಳಗ್ಗೆ ನಿಮ್ಮ ಹಿತ್ತಲಲ್ಲಿ ಅದು ನಡೆಯಲಿ.