ಗೋಧಿ ಒಗ್ಗದವರಿಗೆ ಅಂಟಕ್ಕಿ ಹಿಟ್ಟು

(ರೋಗಿಗಳು ಹಾಗೂ ಅವರ ಸಂಬಂಧಿಕರಿಗಾಗಿ ನೀಡಿದ ಉಪನ್ಯಾಸ)



ಕೆಲವು ಮಕ್ಕಳಿಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ಭೇದಿ ನಿಲ್ಲುವುದಿಲ್ಲ, ವಯಸ್ಸಿಗೆ ತಕ್ಕ ಎತ್ತರ ಬರುವುದಿಲ್ಲ. ದೊಡ್ಡವರಲ್ಲಿ ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ರಕ್ತಹೀನತೆ ಹೋಗದಿರಬಹುದು. ಇದಕ್ಕೆ ಸೀಲಿಯಾಕ್ ಕಾಯಿಲೆಯೂ ಒಂದು ಕಾರಣ. ಗೋಧಿ, ಜವೆಗೋಧಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಸಸಾರಜನಕ ಇಂಥವರ ಸಣ್ಣ ಕರುಳಿನ ಒಳಪದರವನ್ನು ಕೆಡಿಸುತ್ತದೆ. ಗೋಧಿಯೇ ಇದಕ್ಕೆ ಮೂಲವೆಂದು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ 1950ರ ತಮ್ಮ ಪ್ರಬಂಧದಲ್ಲಿ ತೋರಿಸಿದರು. ಇಂದಿಗೂ ಪಥ್ಯವೇ ಇದಕ್ಕೆ ಮದ್ದು, ಅದೂ ಜೀವನಪರ್ಯಂತ.

ಪಥ್ಯ ಹಿಡಿದವರು ಪೇಟೆಯಲ್ಲಿ 'ಗ್ಲುಟಿನಸ್ ರೈಸ್ ಫ್ಲೋರ್' ಎಂಬ ಪೊಟ್ಟಣ ಕಂಡು ಹೆದರುವುದುಂಟು. ಹೆದರಬೇಡಿ. ಇದು ಅಂಟಕ್ಕಿಯ ಹಿಟ್ಟು. ಆ ಹೆಸರಿಗೆ ಅಂಟುಳ್ಳದ್ದು ಎಂದಷ್ಟೇ ಅರ್ಥ. ಇದರಲ್ಲಿ ಗ್ಲುಟೆನ್ ಇಲ್ಲ. ಇದನ್ನೇ 'ಸ್ವೀಟ್ ರೈಸ್ ಫ್ಲೋರ್' ಎಂದೂ ಮಾರುತ್ತಾರೆ, ಆದರೆ ಸಕ್ಕರೆ ಬೆರೆಸಿರುವುದಿಲ್ಲ. ಅಸ್ಸಾಮಿನವರು ಪಿಠಾ ಮಾಡುವ ಬೋರಾ ಅಕ್ಕಿಯೂ ಮಣಿಪುರದ ಕಪ್ಪು ಚಾಕ್‌ಹಾವೋ ಅಕ್ಕಿಯೂ ಇದೇ ಜಾತಿಯವು. ಅಮೈಲೋಸ್ ಎಂಬ ಪಿಷ್ಟ ಇವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದಲೇ ಬೆಂದಾಗ ಅಂಟಾಗುತ್ತವೆ.

ಚಪಾತಿಯ ಕಣಕಕ್ಕೆ ಜಿಗಿ ಕೊಡುವುದು ಗ್ಲುಟೆನ್. ಅದಿಲ್ಲದ ಹಿಟ್ಟು ಬಿರಿಯುತ್ತದೆ. ಸ್ವಲ್ಪ ಅಂಟಕ್ಕಿ ಹಿಟ್ಟು ಬೆರೆಸಿದರೆ ರೊಟ್ಟಿ, ಕಡುಬು ಒಡೆಯದೆ ನಿಲ್ಲುತ್ತವೆ. ಸಿಗದಿದ್ದರೆ ಚಿಂತೆ ಬೇಡ. ನಮ್ಮ ತಾಯಂದಿರು ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದುತ್ತಾರಲ್ಲ, ಅದೂ ಇದೇ ಕೆಲಸ ಮಾಡುತ್ತದೆ. ಬಿಸಿನೀರಿಗೆ ಪಿಷ್ಟ ಉಬ್ಬಿ ಜಿಗಿ ಬರುತ್ತದೆ. ದುಬಾರಿ ಪೊಟ್ಟಣಕ್ಕಾಗಿ ಸಾಲ ಮಾಡಬೇಕಾಗಿಲ್ಲ.

ಈ ಕೆಳಗಿನವುಗಳನ್ನು ಗಮನದಲ್ಲಿಡಿ:

1. ಗೋಧಿ ಬೀಸಿದ ಗಿರಣಿಯಲ್ಲೇ ಅಕ್ಕಿ, ಜೋಳ ಬೀಸಿದರೆ ಗೋಧಿ ಹಿಟ್ಟು ಬೆರೆಯುತ್ತದೆ. ಮನೆಯ ಬೀಸುಕಲ್ಲು ಅಥವಾ ಗೋಧಿ ಹಾಕದ ಮಿಕ್ಸಿ ಬಳಸಿ. ಪೊಟ್ಟಣ ಕೊಂಡರೆ ಗ್ಲುಟೆನ್ ರಹಿತ ಎಂದು ಬರೆದಿದೆಯೇ ನೋಡಿ. ಹಾಗೆ ಬರೆಯಬೇಕಾದರೆ ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು.

2. ರವೆ, ಮೈದಾ, ಗೋಧಿ ಶಾವಿಗೆ, ಬ್ರೆಡ್ಡು, ಬಿಸ್ಕತ್ತು ವರ್ಜ್ಯ. ಅಂಗಡಿಯ ಇಂಗಿಗೂ ಅನೇಕ ವೇಳೆ ಗೋಧಿ ಹಿಟ್ಟು ಸೇರಿಸಿರುತ್ತಾರೆ.

3. ಅಂಟಕ್ಕಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ತಿನ್ನಬಾರದು.

4. ಪಾರ್ಶ್ವವಾಯು ಆದವರು, ನುಂಗಲು ಕಷ್ಟವಿರುವ ಹಿರಿಯರು ಇದರ ಉಂಡೆ, ಕಡುಬು ತಿನ್ನಬಾರದು. ಗಂಟಲಿಗೆ ಅಂಟಿ ಉಸಿರು ಕಟ್ಟಬಹುದು.

5. ಬರೀ ಅಕ್ಕಿ ಹಿಟ್ಟಿನಲ್ಲಿ ನಾರು, ಕಬ್ಬಿಣ ಕಡಿಮೆ. ರಾಗಿ, ಜೋಳ, ಸಜ್ಜೆ, ನವಣೆ, ಬೇಳೆ, ಸೊಪ್ಪು ಸರದಿಯಂತೆ ಇರಲಿ.

6. ಅನುಮಾನ ಬಂದ ಕೂಡಲೇ ಗೋಧಿ ಬಿಡಬೇಡಿ. ಮೊದಲು ರಕ್ತ ಪರೀಕ್ಷೆ, ಅಗತ್ಯವಿದ್ದರೆ ಎಂಡೋಸ್ಕೋಪಿ ಆಗಲಿ. ಮೊದಲೇ ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣದೆ ಹೋಗಬಹುದು.

ಕೊನೆಯದಾಗಿ ಮನೆಯ ಹಿರಿಯರಲ್ಲಿ ಒಂದು ಬಿನ್ನಹ. ಜಾತ್ರೆಯಲ್ಲಿ, ದಾಸೋಹದಲ್ಲಿ ಗೋಧಿ ಹುಗ್ಗಿ ಬಡಿಸಿದಾಗ "ಪ್ರಸಾದ, ಒಂದು ತುತ್ತು ತಿಂದರೆ ಏನೂ ಆಗದು" ಎಂದು ಇಂಥ ಮಗುವಿಗೆ ಒತ್ತಾಯ ಮಾಡಬೇಡಿ. ಆ ಒಂದು ತುತ್ತೂ ಕರುಳಿಗೆ ಪೆಟ್ಟು. ಅದೇ ಎಲೆಗೆ ಅನ್ನ, ಬಾಳೆಹಣ್ಣು ಬಡಿಸಿದರೆ ಅದೂ ಪ್ರಸಾದವೇ. ಪಂಕ್ತಿಯಲ್ಲಿ ಎಲ್ಲರೊಡನೆ ಕುಳಿತು ಉಂಡ ಮಗು ಪಥ್ಯವನ್ನು ಶಿಕ್ಷೆಯೆಂದು ಭಾವಿಸುವುದಿಲ್ಲ. ಪಥ್ಯ ತಪ್ಪದೆ ನಡೆದರೆ ಕರುಳು ಮಾಯುತ್ತದೆ, ಮಗು ಬೆಳೆಯುತ್ತದೆ.