ಅರಳು ಮರಳು ಅಂತ ಕೈಬಿಡುವುದು ಬೇಡ
(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸಿಸ್ಟರ್ ಮಾಡಿದ ಭಾಷಣ)



ನಾನು ಬಂದಾಗಲೆಲ್ಲ ಉಳಿತಾಯ, ಸಾಲ ಮರುಪಾವತಿ, ಪುಸ್ತಕ ನಿರ್ವಹಣೆ ಅಂತಲೇ ಮಾತಾಡುತ್ತೇನೆ. ಇವತ್ತು ಒಂದು ದಂಡದ ವಿಷಯದಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಸಂಘದಲ್ಲಿ ಒಬ್ಬ ಸದಸ್ಯೆ 5 ವಾರ ಸಭೆಗೆ ಬರಲಿಲ್ಲ. ನಿಯಮದಂತೆ ವಾರಕ್ಕೆ 5 ರೂಪಾಯಿ ದಂಡ ಹಾಕಿ ನಡವಳಿ ಪುಸ್ತಕದಲ್ಲಿ ಬರೆದರು. ನಾನೂ ಸಹಿ ಹಾಕಿದೆ. ಆಮೇಲೆ ಮನೆಗೆ ಹೋದಾಗ ವಿಷಯ ಗೊತ್ತಾಯಿತು. ಅವರ ಅತ್ತೆ ದಿನಾ ಸಂಜೆ "ನಮ್ಮನೆಗೆ ಹೋಗ್ಬೇಕು" ಅಂತ ಬಾಗಿಲಿಗೆ ಬರುತ್ತಿದ್ದರು. 50 ವರ್ಷ ಬಾಳಿದ ಮನೆಯೇ ಅದು! ಒಮ್ಮೆ ಹೊರಟು ಹೋದವರು ಕೆರೆ ಏರಿಯ ಮೇಲೆ ಸಿಕ್ಕಿದ್ದರಂತೆ. ಅವತ್ತಿನಿಂದ ಸೊಸೆ ಕೂಲಿಗೂ ಇಲ್ಲ, ಸಂಘಕ್ಕೂ ಇಲ್ಲ. ಅಂಗಡಿಗೆ ಹೋಗಬೇಕಾದರೆ ಹೊರಗಿನಿಂದ ಚಿಲಕ ಹಾಕಿ ಓಡುತ್ತಿದ್ದರು. "ಸಿಸ್ಟರ್, ನಿನ್ನೆ ಅತ್ತೆ ಮೇಲೆ ಕೈ ಮಾಡ್ಬಿಟ್ಟೆ" ಅಂತ ಹೇಳಿ ಅತ್ತರು.

ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದಿದ ನಾನು ಹೇಳಿದ್ದೇನು ಗೊತ್ತಾ? "ವಯಸ್ಸಾದವರು, ಸ್ವಲ್ಪ ಸಹಿಸಿಕೊಳ್ಳಮ್ಮ." ಆ ಮಾತನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಸಹಿಸಿಕೊಳ್ಳುವುದನ್ನು ಆಕೆಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆಕೆಗೆ ಬೇಕಾಗಿದ್ದದ್ದು 2 ಗಂಟೆಯ ಬಿಡುವು.

ಇದು ವಯಸ್ಸಿನ ಗುಣವಲ್ಲ, ಕಾಯಿಲೆ

"ಅರವತ್ತಕ್ಕೆ ಅರಳು ಮರಳು" ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಒಲೆ ಮೇಲೆ ಸಾರು ಇಟ್ಟಿದ್ದು ಒಮ್ಮೊಮ್ಮೆ ಯಾರಿಗಾದರೂ ಮರೆತು ಹೋಗುತ್ತದೆ. ಆದರೆ ಜೀವನಪೂರ್ತಿ ಸಾರು ಮಾಡಿದವರಿಗೆ ಅದನ್ನು ಮಾಡುವ ಕ್ರಮವೇ ಮರೆತರೆ, ಗೊತ್ತಿದ್ದ ದಾರಿ ತಪ್ಪಿದರೆ, ಕೇಳಿದ್ದನ್ನೇ ಹತ್ತು ಸಲ ಕೇಳಿದರೆ, "ಯಾರೋ ನನ್ನ ದುಡ್ಡು ಕದ್ದರು" ಅಂತ ಮನೆಯವರನ್ನೇ ದೂರಿದರೆ, ಅದು ಡಿಮೆನ್ಷಿಯಾ ಇರಬಹುದು. ಅಂದರೆ ಮೆದುಳಿನ ಮರೆವಿನ ಕಾಯಿಲೆ. ಅದು ದೆವ್ವವಲ್ಲ, ಹಟವಲ್ಲ, ಸೊಸೆಯ ಮೇಲಿನ ದ್ವೇಷವೂ ಅಲ್ಲ.

2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದ 100 ಜನರಲ್ಲಿ ಸುಮಾರು 7 ಜನರಿಗೆ ಈ ಕಾಯಿಲೆ ಇದೆ. ಒಟ್ಟು ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಲೆಕ್ಕ ನಮಗೆ ಬರುತ್ತದಲ್ವಾ? ಒಂದು ಊರಿನಲ್ಲಿ 200 ಜನ ಹಿರಿಯರಿದ್ದರೆ, ಸುಮಾರು 14 ಮನೆಗಳಲ್ಲಿ ಈ ಕಷ್ಟ ಇರಬಹುದು.

ನಾವು ಏನು ಮಾಡಬಹುದು?

1. ಮನೆಗಳನ್ನು ಗುರುತಿಸೋಣ. ಪ್ರತಿ ಸಂಘವೂ ತನ್ನ ಬೀದಿಯಲ್ಲಿ ಇಂಥ ಮನೆ ಇದೆಯಾ ನೋಡಲಿ. ಆದರೆ ಹೆಸರನ್ನು ಸಭೆಯಲ್ಲಿ ಕೂಗುವುದು ಬೇಡ, ನಡವಳಿಯಲ್ಲಿ ಬರೆಯುವುದೂ ಬೇಡ. ಮೊದಲು ಮನೆಯವರ ಒಪ್ಪಿಗೆ ಕೇಳೋಣ.

2. ವೈದ್ಯರಿಗೆ ತೋರಿಸೋಣ. ಥೈರಾಯ್ಡ್ ಕಡಿಮೆಯಾದರೂ, ಬಿ12 ಜೀವಸತ್ವ ಕಡಿಮೆಯಾದರೂ, ಮನಸ್ಸಿಗೆ ಖಿನ್ನತೆ ಬಂದರೂ ಮರೆವು ಬರುತ್ತದೆ. ಅಂಥ ಮರೆವಿಗೆ ಚಿಕಿತ್ಸೆ ಇದೆ. ಡಿಮೆನ್ಷಿಯಾದ ಹೆಚ್ಚಿನ ವಿಧಗಳನ್ನು ಪೂರ್ತಿ ಗುಣ ಮಾಡುವ ಔಷಧ ಇಲ್ಲ. ಆದರೂ ಕೆಲವು ಮಾತ್ರೆಗಳಿಂದ ಕೆಲವರಿಗೆ ಸ್ವಲ್ಪ ಕಾಲ ಅನುಕೂಲವಾಗುತ್ತದೆ. ಮೊದಲು ಆಶಾ ಕಾರ್ಯಕರ್ತೆಯ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗೋಣ. ನಮ್ಮ ರಾಜ್ಯ ಸರ್ಕಾರ 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಮೆದುಳಿನ ಆರೋಗ್ಯಕ್ಕಾಗಿಯೇ ಒಂದು ಕಾರ್ಯಕ್ರಮ ಆರಂಭಿಸಿದೆ. ಜಿಲ್ಲಾ ಆಸ್ಪತ್ರೆಯಲ್ಲಿ "ಮೆದುಳು ಆರೋಗ್ಯ ಕ್ಲಿನಿಕ್" ಯಾವ ದಿನ ಇರುತ್ತದೆ ಎಂದು ವಿಚಾರಿಸಿ.

3. ಸರದಿ ಹಾಕಿಕೊಳ್ಳೋಣ. ಆ ಹಿರಿಯರಿಗೆ ಪರಿಚಯ ಇರುವ ಇಬ್ಬರು ವಾರಕ್ಕೆ 2 ಗಂಟೆ ಹೋಗಿ ಕೂರಲಿ. ಸ್ನಾನ, ಮಾತ್ರೆ ಮನೆಯವರಿಗೇ ಇರಲಿ. ನಾವು ಜೊತೆಗಿದ್ದರೆ ಸಾಕು. ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು, ಬಟ್ಟೆ ಮಡಚುವುದು ಮುಂತಾಗಿ ಕೈಗೆ ರೂಢಿ ಇರುವ ಕೆಲಸ ಕೊಡಿ. ವಾದ ಮಾಡಬೇಡಿ. "ಮನೆಗೆ ಹೋಗ್ಬೇಕು" ಅಂದರೆ, "ಇದೇ ನಿಮ್ಮನೆ" ಅಂತ ಗದರಬೇಡಿ. "ಆಗಲಿ ಅಜ್ಜಿ, ಕಾಫಿ ಕುಡಿದು ನೋಡೋಣ" ಅನ್ನಿ. ಒಂದೆರಡು ದಿನದಲ್ಲೇ ಗೊಂದಲ ಜೋರಾದರೆ ಕಾಯಬೇಡಿ. ಜ್ವರ, ಮೂತ್ರದ ಸೋಂಕು ಇರಬಹುದು, ವೈದ್ಯರಿಗೆ ತೋರಿಸಿ.

4. ಊರೇ ಕಣ್ಣಿಟ್ಟಿರಲಿ. ಅಂಗಡಿಯವರು, ಆಟೋದವರು, ಹಾಲಿನ ಡೇರಿಯವರು, ಬಸ್ ಕಂಡಕ್ಟರ್ ಇವರಿಗೆ ಮನೆಯವರ ಒಪ್ಪಿಗೆ ಪಡೆದು ವಿಷಯ ತಿಳಿಸೋಣ. ಹಿರಿಯರ ಸೆರಗಿನ ಅಂಚಿಗೋ ಜೇಬಿಗೋ ಫೋನ್ ನಂಬರ್ ಬರೆದ ಬಟ್ಟೆಯ ತುಂಡು ಹೊಲಿಯೋಣ. ಜಪಾನಿನ ಒಮುಟಾ ಎಂಬ ಊರಿನಲ್ಲಿ, ಮರೆವಿನವರು ದಾರಿ ತಪ್ಪಿದರೆ ಹೇಗೆ ಮಾತಾಡಿಸಿ ಮನೆ ಸೇರಿಸಬೇಕು ಅಂತ ಊರಿನವರೆಲ್ಲ ಸೇರಿ ಅಭ್ಯಾಸ ಮಾಡುತ್ತಾರೆ. ಆ ದೇಶದಲ್ಲಿ 2005ರಿಂದ ಒಂದೂವರೆ ಗಂಟೆಯ ತರಬೇತಿ ಪಡೆದ ಸಾಮಾನ್ಯ ಜನ 1 ಕೋಟಿಗೂ ಹೆಚ್ಚು. ಇದಕ್ಕೆ ದೊಡ್ಡ ಕಟ್ಟಡ ಬೇಕಾಗಿಲ್ಲ.

5. ಸಂಘದ ನಿಯಮ ತಿದ್ದೋಣ. ಕಾಯಿಲೆಯವರನ್ನು ನೋಡಿಕೊಳ್ಳುವ ಸದಸ್ಯೆಗೆ ಗೈರುಹಾಜರಿಯ ದಂಡ ಬೇಡ. ಆಸ್ಪತ್ರೆ ಖರ್ಚಿಗೆ ಆಂತರಿಕ ಸಾಲದಲ್ಲಿ ಮೊದಲ ಆದ್ಯತೆ ಇರಲಿ.

ಒಂದು ಮಾತು ಖಾರವಾಗಿಯೇ ಹೇಳುತ್ತೇನೆ. ಇದೂ ಹೆಂಗಸರ ತಲೆಗೇ ಬರುವ ಇನ್ನೊಂದು ಕೆಲಸ ಆಗಬಾರದು. ಹೆತ್ತ ಮಗನಿಗೆ ಸರದಿ ಯಾಕಿಲ್ಲ? ಗಂಡ, ಮೈದುನರ ಹೆಸರೂ ಪಟ್ಟಿಯಲ್ಲಿ ಬರಲಿ. ಸರ್ಕಾರದ ಜವಾಬ್ದಾರಿಯನ್ನೂ ನಾವು ಹೊರುವುದು ಬೇಡ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ. ಹಿರಿಯರ ಸಹಾಯವಾಣಿ 14567. ನೋಡಿಕೊಳ್ಳುವವರಿಗೆ ಮನಸ್ಸು ಸೋತರೆ ಟೆಲಿ ಮಾನಸ್ 14416. ಎರಡಕ್ಕೂ ಹಣ ಕೊಡಬೇಕಾಗಿಲ್ಲ. ನಂಬರ್ ಬರೆದುಕೊಳ್ಳಿ.

ಆ ಸದಸ್ಯೆಯ ಕಥೆ ಏನಾಯಿತು ಅಂತ ಕೇಳುತ್ತೀರಿ. ಸಂಘದವರು 25 ರೂಪಾಯಿ ದಂಡ ವಾಪಸ್ ಕೊಟ್ಟರು. ಆಮೇಲೆ ವಾರದ ಸಭೆಯನ್ನೇ ಅವರ ಮನೆ ಜಗಲಿಗೆ ತಂದರು. ಅಜ್ಜಿ ನಡುವೆ ಕೂತು ಉಳಿತಾಯದ ಚಿಲ್ಲರೆ ಎಣಿಸುತ್ತಿದ್ದರು. ಒಂದೊಂದು ಸಲ ಒಂದೊಂದು ಲೆಕ್ಕ! ನಗದು ನೋಡಿಕೊಳ್ಳುವವರು ಆಮೇಲೆ ಸುಮ್ಮನೆ ಇನ್ನೊಮ್ಮೆ ಎಣಿಸುತ್ತಿದ್ದರು. ಅಷ್ಟು ಹೊತ್ತು ಸೊಸೆ ಒಳಗೆ ಹೋಗಿ ಮಲಗುತ್ತಿದ್ದರು. ಕಾಯಿಲೆ ಹೆಚ್ಚುತ್ತಲೇ ಹೋಯಿತು, ಅಜ್ಜಿ ಈಗಿಲ್ಲ. ಆದರೆ ಆ ಬಾಗಿಲಿಗೆ ಹೊರಗಿನಿಂದ ಚಿಲಕ ಬೀಳುವುದು ನಿಂತಿತ್ತು.

ಒಬ್ಬರ ಸಾಲಕ್ಕೆ ಇನ್ನೊಬ್ಬರು ಜಾಮೀನು ನಿಂತವರು ನಾವು. ಒಬ್ಬರ ಆಯಾಸಕ್ಕೆ ನಿಲ್ಲಲಾರೆವಾ? ಮುಂದಿನ ವಾರದ ಸಭೆಯಲ್ಲಿ ಸಾಲದ ವಿಷಯಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿ: "ಇವತ್ತು ಯಾರು ಬಂದಿಲ್ಲ, ಯಾಕೆ ಬಂದಿಲ್ಲ?" ಆಮೇಲೆ ಇಬ್ಬರು ಎದ್ದು ಅವರ ಮನೆಗೆ ಹೋಗಿ ಬನ್ನಿ.