ಸ್ತಂಭ ಉರುಳಿತು, ಫಲಕ ಉಳಿಯಿತು

(ದಿಬ್ಬೂರಹಳ್ಳಿಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಪ್ರತಿಮೆ ನಿಲ್ಲಿಸುವುದಕ್ಕೂ ಕೆಡಹುವುದಕ್ಕೂ ಊರುಗಳು ಇಬ್ಭಾಗವಾಗುವುದನ್ನು ನಾವು ಕಂಡಿದ್ದೇವೆ. 2020ರ ಆಗಸ್ಟ್‌ನಲ್ಲಿ ಬೆಳಗಾವಿಯ ಪೀರನವಾಡಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯ ವಿಷಯದಲ್ಲಿ ನೆರೆಹೊರೆಯವರೇ ಎದುರುಬದುರಾದರು. ಯಾವುದನ್ನು ಉಳಿಸಬೇಕು? ಯಾವುದನ್ನು ತೆಗೆಯಬೇಕು? ತೆಗೆಯುವ ಅಧಿಕಾರ ಯಾರದು? ಈ ಪ್ರಶ್ನೆಗಳಿಗೆ ನಮ್ಮ ನೆಲದ ಚರಿತ್ರೆಯಲ್ಲೇ ಉತ್ತರವಿದೆ.

1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯವು ಟಿಪ್ಪು ಸುಲ್ತಾನರ ಬೆಂಗಳೂರು ಕೋಟೆಗೆ ನುಗ್ಗಿತು. ಕಿಲ್ಲೇದಾರ ಬಹಾದುರ್ ಖಾನ್ ಹೋರಾಡುತ್ತಲೇ ಪ್ರಾಣ ತೆತ್ತರು. ಅದೇ ವರ್ಷದ ಅಕ್ಟೋಬರ್ 19ರಂದು ನಮ್ಮ ಜಿಲ್ಲೆಯ ನಂದಿದುರ್ಗವೂ ಬಿದ್ದಿತು. ಬೆಂಗಳೂರಿನ ಮುತ್ತಿಗೆಯಲ್ಲಿ ಮಡಿದ ತಮ್ಮವರಿಗಾಗಿ ಬ್ರಿಟಿಷರ ಕಾಲದಲ್ಲಿ ಸುಮಾರು 35 ಅಡಿ ಎತ್ತರದ ಸ್ಮಾರಕ ಸ್ತಂಭವೊಂದು ಎದ್ದು ನಿಂತಿತು. ಜನ ಅದನ್ನು ಸೆನೋಟಾಫ್ ಎಂದರು. ಅದರ ಬಳಿಯ ರಸ್ತೆಗೂ ಅದೇ ಹೆಸರು ಬಂದಿತು. ಕೋಟೆಯನ್ನು ಕಾಯುತ್ತಾ ಮಡಿದ ಮೈಸೂರಿನ ಸೈನಿಕರಿಗೆ ಆ ಸ್ತಂಭದಲ್ಲಿ ಸ್ಥಳವಿರಲಿಲ್ಲ.

ಸ್ವಾತಂತ್ರ್ಯಾನಂತರ ಕನ್ನಡ ಹೋರಾಟಗಾರರು ಅದರ ವಿರುದ್ಧ ದನಿಯೆತ್ತಿದರು. 1964ರ ಅಕ್ಟೋಬರ್ 28ರಂದು ನಗರ ಪಾಲಿಕೆಯು ಅದನ್ನು ತೆಗೆಸಿತು. ಸೆನೋಟಾಫ್ ರಸ್ತೆ ನೃಪತುಂಗ ರಸ್ತೆಯಾಯಿತು. ಟಿಪ್ಪುವಿನ ಕೋಟೆಯನ್ನು ಗೆದ್ದವರ ಗುರುತನ್ನು ತೆಗೆಯಬೇಕೆಂದು ಬೀದಿಗಿಳಿದವರು ಕನ್ನಡಿಗರೆಲ್ಲರ ಪರವಾಗಿ ಮಾತನಾಡಿದರು ಎಂಬುದನ್ನು ಇಂದು ಟಿಪ್ಪುವಿನ ಹೆಸರೆತ್ತಿ ಸಮಾಜವನ್ನು ಒಡೆಯುವವರೂ, ಆತ ತಮ್ಮ ಸಮುದಾಯಕ್ಕೆ ಮಾತ್ರ ಸೇರಿದವನೆಂದು ಭಾವಿಸಿರುವವರೂ ನೆನಪಿಡಬೇಕು.

ಇಷ್ಟಾಗಿಯೂ, ಕೆ.ಆರ್. ಮಾರುಕಟ್ಟೆಯ ಬಳಿಯ ಕೋಟೆ ಗೋಡೆಯಲ್ಲಿ ಬ್ರಿಟಿಷರ ಕಾಲದ ಒಂದು ಫಲಕ ಇಂದಿಗೂ ಇದೆ. ಬ್ರಿಟಿಷರು ಗೋಡೆಯೊಡೆದು ನುಗ್ಗಿದ ಸ್ಥಳ ಮತ್ತು ದಿನವನ್ನಷ್ಟೇ ಅದು ತಿಳಿಸುತ್ತದೆ. ವ್ಯತ್ಯಾಸ ಇಲ್ಲಿದೆ. ಸ್ತಂಭ ಬೇಡಿದ್ದು ಗೌರವವನ್ನು. ಫಲಕ ಹೇಳುವುದು ಸಂಗತಿಯನ್ನು. ಗೌರವವನ್ನು ಹಿಂದಕ್ಕೆ ಪಡೆಯುವ ಹಕ್ಕು ಪ್ರಜೆಗಳಿಗಿದೆ. ಸಂಗತಿಯನ್ನು ಅಳಿಸುವ ಹಕ್ಕು ಯಾರಿಗೂ ಇಲ್ಲ, ಅದು ನಮ್ಮ ಸೋಲಿನ ಸಂಗತಿಯಾದರೂ ಸರಿ.

ಆ ಸ್ತಂಭ ಸ್ಮರಿಸುತ್ತಿದ್ದವರೂ ತಾಯಂದಿರ ಮಕ್ಕಳೇ. ಅದನ್ನು ಕೆಡಹುವ ಬದಲು ಸಂಗ್ರಹಾಲಯಕ್ಕೆ ಸಾಗಿಸಬಹುದಿತ್ತೆಂದೇ ನಮ್ಮ ಅಭಿಪ್ರಾಯ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗುಲಾಮರ ವ್ಯಾಪಾರಿ ಕೋಲ್‌ಸ್ಟನ್‌ನ ಪ್ರತಿಮೆಯನ್ನು 2020ರ ಜೂನ್ 7ರಂದು ಪ್ರತಿಭಟನಕಾರರು ಬಂದರಿನ ನೀರಿಗೆ ತಳ್ಳಿದರು. ಅಲ್ಲಿನ ಆಡಳಿತ ಅದನ್ನು ಮೇಲೆತ್ತಿ, ಮೈಮೇಲಿನ ಬಣ್ಣದ ಬರಹಗಳನ್ನೂ ಅಳಿಸದೆ ಸಂಗ್ರಹಾಲಯದಲ್ಲಿರಿಸಿತು. ನಮ್ಮಲ್ಲಿಯೂ ಮಾರ್ಕ್ ಕಬ್ಬನ್‌ನ ಪ್ರತಿಮೆಯನ್ನು 2020ರಲ್ಲಿ ಹೈಕೋರ್ಟ್ ಆವರಣದಿಂದ ಕಬ್ಬನ್ ಉದ್ಯಾನದೊಳಕ್ಕೆ ಸ್ಥಳಾಂತರಿಸಲಾಯಿತು.

ಮಾತುಕತೆಯಿಂದ ಏನು ಸಾಧ್ಯ ಎಂಬುದಕ್ಕೆ ಹಲಸೂರು ಸಾಕ್ಷಿ. 1991ರಲ್ಲಿ ಸಿದ್ಧವಾದ ತಿರುವಳ್ಳುವರ್ ಪ್ರತಿಮೆ ವಿರೋಧದ ಕಾರಣ 18 ವರ್ಷ ಮುಸುಕಿನಲ್ಲೇ ಇತ್ತು. ಎರಡೂ ರಾಜ್ಯಗಳು ಒಪ್ಪಂದಕ್ಕೆ ಬಂದ ಮೇಲೆ 2009ರ ಆಗಸ್ಟ್ 9ರಂದು ಅದು ಅನಾವರಣಗೊಂಡಿತು. ನಾಲ್ಕೇ ದಿನಗಳಲ್ಲಿ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡಿತು.

ಸಹೋದರರೇ, ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಸಾರ್ವಜನಿಕ ರಸ್ತೆ, ಕಾಲುದಾರಿಗಳಲ್ಲಿ ಪ್ರತಿಮೆ ಸ್ಥಾಪನೆಗೆ ಅನುಮತಿ ನೀಡಕೂಡದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿತು. ಇತರರು ರಾತ್ರೋರಾತ್ರಿ ವೃತ್ತದಲ್ಲಿ ಪ್ರತಿಮೆ ನಿಲ್ಲಿಸಿದಾಗ ನಾವು ಕಾನೂನಿನ ಮಾತನಾಡುತ್ತೇವೆ. ನಮ್ಮ ಯುವಕರು ಅನುಮತಿಯಿಲ್ಲದೆ ಟಿಪ್ಪುವಿನ ಕಟೌಟ್ ನಿಲ್ಲಿಸಿದಾಗ ಮಾತ್ರ ಮೌನವಾಗುತ್ತೇವೆ. ಇದು ನ್ಯಾಯವೇ? ನಾಳೆ ಅದಕ್ಕೊಂದು ಕಲ್ಲು ಬಿದ್ದರೆ ಜೈಲು ಸೇರುವವರು ಬಡವರ ಮಕ್ಕಳು. ಬಾಗಿಲು ಮುಚ್ಚುವುದು ಅಂದಂದಿನ ದುಡಿಮೆಯಿಂದ ಬದುಕುವವರ ಅಂಗಡಿ. ಭಾಷಣ ಮಾಡಿ ಹೊರಟುಹೋದವರಿಗೆ ಏನೂ ಆಗುವುದಿಲ್ಲ.

ಆದ್ದರಿಂದ ಊರ ವೃತ್ತದಲ್ಲಿ ಏನನ್ನಾದರೂ ನಿಲ್ಲಿಸುವ ಅಥವಾ ತೆಗೆಯುವ ಮಾತು ಬಂದಾಗ, ಅದು ಯಾರದೇ ಆಗಿರಲಿ, ಎಲ್ಲರೂ ಕುಳಿತು ಗ್ರಾಮಸಭೆಯಲ್ಲಿ ಹಗಲಿನಲ್ಲೇ ಮಾತನಾಡಲಿ. ಕಾನೂನು ಬೇಡವೆಂದರೆ ಎಲ್ಲರಿಗೂ ಬೇಡ.

ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ಬುನಾದಿ ಹಾಕಿದವರು ಟಿಪ್ಪು. ಇಂದು ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ತರುವ ರೈತನೂ, ಅದನ್ನು ಕೊಂಡು ನೂಲು ತೆಗೆಸುವ ರೀಲರನೂ ಬೇರೆ ಬೇರೆ ಧರ್ಮದವರಿರಬಹುದು. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯದು. ಆ ನಂಟನ್ನು ಕಾಪಾಡೋಣ. ಒಂದು ಕಟೌಟಿಗಾಗಿ ಅದನ್ನು ಕಡಿದುಕೊಳ್ಳುವುದು ಬೇಡ.